ಕೆಂಪು ಜೊಲ್ಲುಬಟ್ಟೆಯ ಹುಡುಗ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನ್ನ ಸೋದರಮಾವ ಇದ್ದ ಕೆಲಸ ಬಿಟ್ಟು, ಬೇರೆ ಕೆಲಸ ಸಿಗುವ ತನಕ ಅಂತ, ಕೊಡ್ಲಿಪೇಟೆಯ ನಮ್ಮ ಮನೆಗೆ ಬಂದಿದ್ದ. ಅಮ್ಮನಿಗಿಂತ ದೊಡ್ಡವನು. ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ, ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಪಹರೆ ಕಾಯ್ದು ಬಂದವನು. ಅವನು ಅಲ್ಲಿದ್ದಾಗಲೇ ಇಲ್ಲಿ ಅವನ ಮಗ ಹುಟ್ಟಿ, ಮಾವ ವಾಪಸಾಗುವ ಮೊದಲೇ ಆ ಕೂಸು ತೀರಿಹೋಗಿತ್ತು. ಮುಂದಿನ ವರ್ಷ ಅತ್ತೆಯೂ ಚಳಿಜ್ವರದಲ್ಲಿ ಹೋದಳು. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮಾವನ ಟ್ರಂಕಿನಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರ ಮುಂದೆ ಎರಡು ಪುಟ್ಟ ಬಾಗಿಲು. ಬಾಗಿಲು ತೆರೆದರೆ ಒಳಗೆ ಬಣ್ಣದ ಚಿತ್ರ. ಮೇಲಿನದನ್ನು ಪಕ್ಕಕ್ಕೆ ಎಳೆದರೆ ಅದರ ಹಿಂದೆ ಇನ್ನೊಂದು. ಜಪಾನಿನಲ್ಲಿ ಇಂಥ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಮಕ್ಕಳಿಗೆ ಕತೆ ಹೇಳುತ್ತಾರಂತೆ. ಕತೆ ಚಿತ್ರದ ಬೆನ್ನಿಗೆ ಜಪಾನಿ ಅಕ್ಷರದಲ್ಲಿತ್ತು. ಮಾವನಿಗೆ ಅದು ಓದಲು ಬರುತ್ತಿರಲಿಲ್ಲ. ಅವನೇ ಕಟ್ಟಿ ಹೇಳುತ್ತಿದ್ದ.

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು. ಎಲ್ಲ ಚಿತ್ರದಲ್ಲೂ ಒಬ್ಬನೇ ನಾಯಕ, ಬೋಳುತಲೆಯ ಒಬ್ಬ ಪುಟ್ಟ ಹುಡುಗ. ದುಂಡು ಮುಖ, ಅರ್ಧ ಮುಚ್ಚಿದ ಕಣ್ಣು, ತುಟಿಯಲ್ಲಿ ಸಣ್ಣ ನಗು. ಕತ್ತಿಗೆ ಕೆಂಪು ಜೊಲ್ಲುಬಟ್ಟೆ. ಕೈಯಲ್ಲಿ ಅವನಿಗಿಂತ ಎತ್ತರದ ಕೋಲು, ಕೋಲಿನ ತುದಿಗೆ ಬಳೆಗಳು. ಅಗಲ ತೋಳಿನ ಅಂಗಿ. ಅವನ ವೈರಿ ಒಬ್ಬ ಕೋರೆಹಲ್ಲಿನ ರಾಕ್ಷಸ. ಹೊಳೆಯ ದಡದಲ್ಲಿ ಸಣ್ಣ ಸಣ್ಣ ಮಕ್ಕಳು ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಕಟ್ಟುತ್ತಾರೆ. ರಾಕ್ಷಸ ಬಂದು ಕಬ್ಬಿಣದ ಗದೆಯಿಂದ ಅದನ್ನು ಕೆಡವುತ್ತಾನೆ. ಆಗ ಬೋಳುತಲೆ ಹುಡುಗ ಬಂದು ಆ ಮಕ್ಕಳನ್ನೆಲ್ಲ ತನ್ನ ತೋಳಿನೊಳಗೆ ಬಚ್ಚಿಟ್ಟುಕೊಳ್ಳುತ್ತಾನೆ. ರಾಕ್ಷಸ ಪೆದ್ದನ ಹಾಗೆ ಹುಡುಕುತ್ತಾನೆ. ಮಾವ ರಾಕ್ಷಸನ ದನಿ ತೆಗೆದರೆ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಅಪ್ಪ ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಲ್ಲಿ ಆಳುಗಳ ಲೈನು ಮನೆಯಲ್ಲಿದ್ದ ತಮಿಳನೊಬ್ಬ ಕೊಟ್ಟ ಪಳನಿಯ ಸುಬ್ರಹ್ಮಣ್ಯನ ಪಟ ನಮ್ಮ ಗೋಡೆಯಲ್ಲಿತ್ತು. ಅದರಲ್ಲಿ ದೇವರಿಗೂ ಬೋಳುತಲೆ, ಕೈಯಲ್ಲಿ ಕೋಲು. ಅಮ್ಮ ಮೊದಲ ಸಂಜೆಯೇ ಪೆಟ್ಟಿಗೆಯ ಹುಡುಗನನ್ನು ನೋಡಿ ಕೈಮುಗಿದಳು.

"ನಮ್ಮ ಸುಬ್ಬಪ್ಪನೇ ಅಲ್ವೇನಣ್ಣ ಇವ್ನು? ಆ ದೇಶದಲ್ಲೂ ಅವ್ನೇ ಇದಾನೆ ನೋಡು" ಅಂದಳು.

ಮಾವ ಮುಂದಿನ ಚಿತ್ರ ಎಳೆದ.

ದಿನ ಹೋದಂತೆ ಅಮ್ಮ ನಗುವುದನ್ನು ಬಿಟ್ಟಳು. ನಾವು ಕತೆ ಕೇಳುವಾಗ ಅವಳು ಹೊಸ್ತಿಲಲ್ಲಿ ನಿಂತು ಚಿತ್ರವನ್ನೇ ನೋಡುತ್ತಿದ್ದಳು. ಒಂದು ಸಂಜೆ ಕೇಳಿದಳು: "ಅಲ್ಲಣ್ಣ, ಈ ಮಕ್ಕಳಿಗೆ ಅಪ್ಪ ಅಮ್ಮ ಯಾರೂ ಇಲ್ವಾ? ಒಂದು ಮನೆ ಕಾಣ್ಸಲ್ಲ, ಒಂದು ಒಲೆ ಕಾಣ್ಸಲ್ಲ."

"ಕತೆ ಕಣೇ ಅದು" ಅಂದ ಮಾವ.

"ಆ ಕಡೆ ದಡದಲ್ಲಿ ಏನದೆ?"

"ಬರ್ದಿಲ್ಲ."

ನಿಜ, ಬರೆದಿರಲಿಲ್ಲ. ಹೊಳೆಯ ಆಚೆಗೆ ಎಲ್ಲ ಚಿತ್ರದಲ್ಲೂ ಬರೀ ಬೂದಿ ಬಣ್ಣ. ಅಮ್ಮ ಹೇಳಿದ ಮೇಲೆ ನನಗೂ ಅದೇ ಕಾಣತೊಡಗಿತು. ಆ ಮಕ್ಕಳು ಏನನ್ನೂ ತಿನ್ನುತ್ತಿರಲಿಲ್ಲ. ಒಂದು ಮಗುವೂ ನಗುತ್ತಿರಲಿಲ್ಲ. ರಾಕ್ಷಸ ಎಷ್ಟೇ ಅಬ್ಬರಿಸಿದರೂ ಬೋಳುತಲೆ ಹುಡುಗ ಕೋಲೆತ್ತಿ ಹೊಡೆಯುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದ. ಹೊಡೆತ, ಓಟ, ಹಾಸ್ಯ ಎಲ್ಲ ಮಾವನ ಬಾಯಲ್ಲಿ ಇದ್ದದ್ದು, ಚಿತ್ರದಲ್ಲಲ್ಲ.

ನಮ್ಮ ಆಟವೂ ಅದೇ ಆಯಿತು. ಊರ ಕೆರೆಯ ಏರಿಯ ಕೆಳಗೆ, ನೀರಿನ ಅಂಚಿನಲ್ಲಿ ಕಲ್ಲು ಆರಿಸಿ ಗೋಪುರ ಕಟ್ಟುವುದು, ಒಬ್ಬರು ರಾಕ್ಷಸನಾಗಿ ಬಂದು ಒದೆಯುವುದು. ಬೋಳುತಲೆ ಹುಡುಗ ಯಾರಾಗಬೇಕು ಅನ್ನುವ ಜಗಳವೇ ಇರಲಿಲ್ಲ. ನನ್ನ ತಂಗಿ ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಹರಕೆ ಹೊತ್ತಿದ್ದ ಅಮ್ಮ ಅವಳನ್ನು ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ ಮುಡಿ ಕೊಡಿಸಿ ಬಂದಿದ್ದಳಷ್ಟೇ. ಅವಳದೇ ಬೋಳುತಲೆ. ಅಮ್ಮನ ಹಳೆ ರವಿಕೆಯ ಕೆಂಪು ತುಂಡೊಂದು ಅವಳಿಗೆ ಎಲ್ಲೋ ಸಿಕ್ಕಿತ್ತು. ಅದನ್ನು ಕತ್ತಿಗೆ ಕಟ್ಟಿ, ಕೈಗೊಂದು ಬಿದಿರು ಕೋಲು ಕೊಟ್ಟರೆ ಪೆಟ್ಟಿಗೆಯಿಂದ ಎದ್ದು ಬಂದ ಹಾಗೇ ಇದ್ದಳು.

ಒಂದು ಭಾನುವಾರ ಮಧ್ಯಾಹ್ನ ನಮ್ಮನ್ನು ಊಟಕ್ಕೆ ಕರೆಯಲು ಮಾವ ಕೆರೆ ಕಡೆ ಬಂದ. ತಂಗಿ ನೀರಂಚಿಗೆ ಬೆನ್ನು ಮಾಡಿ ಕಲ್ಲುಗೋಪುರಗಳ ಮಧ್ಯೆ ನಿಂತಿದ್ದಳು. ಕಣ್ಣು ಅರ್ಧ ಮುಚ್ಚಿ ನಗುತ್ತಿದ್ದಳು, ಚಿತ್ರದಲ್ಲಿದ್ದ ಹಾಗೆಯೇ. ಏರಿಯ ಮೇಲೆ ಮಾವ ನಿಂತುಬಿಟ್ಟ. ಮರುಕ್ಷಣ ಜಾರಿಕೊಂಡೇ ಇಳಿದು ಬಂದು ಅವಳ ಕತ್ತಿನ ಬಟ್ಟೆ ಕಿತ್ತೆಸೆದ. ಗಂಟು ಬಿಗಿದು ಕತ್ತಿನಲ್ಲಿ ಕೆಂಪು ಗೆರೆ ಎದ್ದಿತು. ಗೋಪುರಗಳನ್ನೆಲ್ಲ ಒದ್ದ. ನಾವು ಇದೂ ಆಟ ಅಂದುಕೊಂಡು ಮೊದಲು ನಕ್ಕೆವು. ಅವನು ಬಿದ್ದ ಕಲ್ಲುಗಳನ್ನು ಎತ್ತೆತ್ತಿ ಕೆರೆಗೆ ಎಸೆಯತೊಡಗಿದಾಗ ನಮ್ಮ ನಗು ನಿಂತಿತು.

ತಂಗಿ ಅಳುತ್ತಾ ಮನೆಗೆ ಬಂದಳು. ಅಮ್ಮ ಅವಳ ಕತ್ತು ನೋಡಿದಳು, ಅಣ್ಣನ ಮುಖ ನೋಡಿದಳು.

"ಈಗ ಹೇಳ್ಬಿಡಣ್ಣ. ಅವ್ನು ಸುಬ್ಬಪ್ಪ ಅಲ್ಲ ಅಲ್ವಾ?"

ಮಾವ ಕಂಬಕ್ಕೊರಗಿ ಕೂತು ಹೇಳಿದ. ಅವರ ಕ್ಯಾಂಪಿನ ಹತ್ತಿರ ಒಂದು ದೇವಸ್ಥಾನ ಇತ್ತಂತೆ. ಅದರ ಹಿಂದೆ ಸಾಲು ಸಾಲಾಗಿ ಇದೇ ಹುಡುಗನ ಕಲ್ಲಿನ ಗೊಂಬೆಗಳು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬಂದು ಅವಕ್ಕೆ ಕೆಂಪು ಜೊಲ್ಲುಬಟ್ಟೆ ಕಟ್ಟಿ, ಮುಂದೆ ಕಲ್ಲು ಪೇರಿಸಿ ಹೋಗುತ್ತಿದ್ದರು. ಸಣ್ಣದರಲ್ಲೇ ಸತ್ತ ಮಕ್ಕಳು ಹೊಳೆ ದಾಟಲಾರದೆ ದಡದಲ್ಲೇ ಕಲ್ಲು ಪೇರಿಸುತ್ತ ಉಳಿಯುತ್ತಾರೆ, ಅವರನ್ನು ಕಾಯುವ ದೇವರು ಇವನು ಎಂದು ಅಲ್ಲಿಯವರ ನಂಬಿಕೆ. ಮಕ್ಕಳ ಕತೆ ಬರೆದವರು ಆ ದೇವರನ್ನೇ ಪುಟ್ಟ ಹುಡುಗನ ಹಾಗೆ ಬರೆದಿದ್ದರು. ಊರಿಂದ ಮಗನ ಸುದ್ದಿ ಬಂದ ವಾರವೇ ಮಾವ ಈ ಪೆಟ್ಟಿಗೆ ಕೊಂಡಿದ್ದ.

ಅಮ್ಮ ತಂಗಿಯನ್ನು ತೊಡೆಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ದೀಪ ಹಚ್ಚೋ ಹೊತ್ತಲ್ಲಿ ದಿನಾ ನನ್ನ ಹೊಸ್ಲಿಗೆ ಇವನ್ನ ಕರೀತಿದ್ಯಾ?"

"ಅವ್ನು ಮಕ್ಕಳನ್ನ ಕರ್ಕೊಂಡು ಹೋಗೋನಲ್ಲ ಕಣೇ. ಜೊತೆಗೆ ನಿಲ್ಲೋನು."

"ಎಲ್ಲಿ ನಿಲ್ತಾನೆ? ಅದನ್ನ ಹೇಳು."

ಮಾವ ಪೆಟ್ಟಿಗೆಯನ್ನು ಹಿತ್ತಲಿನ ಸೌದೆ ಕೊಟ್ಟಿಗೆಗೆ ಒಯ್ದಿಟ್ಟ.

ಆ ವಾರವೇ ತಂಗಿಗೆ ಜ್ವರ ಬಂತು. ಡಾಕ್ಟರು ಬಂದು ಔಷಧಿ ಕೊಟ್ಟರು. ಜ್ವರ ಇಳಿಯಲಿಲ್ಲ. ಅಪ್ಪನಿಗೆ ಹೇಳಿ ಕಳಿಸಿದರು. ಅಮ್ಮ ಯಾರ ಮೇಲೂ ರೇಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಮಾವ ಜಗಲಿಯಲ್ಲೇ ಕೂತಿರುತ್ತಿದ್ದ. ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ. ಬೀದಿಯ ಮಕ್ಕಳನ್ನು ಅವರವರ ಮನೆಯವರು ನಮ್ಮ ಕಡೆಗೆ ಬಿಡುತ್ತಿರಲಿಲ್ಲ.

ತಂಗಿಗೆ ಮೈಮೇಲೆ ಎಚ್ಚರವಿಲ್ಲದ ಒಂದು ಬೆಳಗ್ಗೆ ಅಮ್ಮ ಎದ್ದು ಕೊಟ್ಟಿಗೆಗೆ ಹೋದಳು. ನಾನೂ ಹಿಂದೆ ಹೋದೆ. ಮಾವನೂ ಬಂದ. ಅಮ್ಮ ಪೆಟ್ಟಿಗೆಯ ಬಾಗಿಲು ತೆರೆದು, ಒಂದೊಂದೇ ಚಿತ್ರ ಎಳೆದು, ಹುಡುಗ ಮಕ್ಕಳನ್ನು ತೋಳಿನೊಳಗೆ ಸೇರಿಸಿಕೊಳ್ಳುವ ಚಿತ್ರದ ಹತ್ತಿರ ನಿಲ್ಲಿಸಿದಳು. ನನಗಿಂತ ಮೊದಲು ಅವಳಿಗೊಂದು ಗಂಡು ಮಗು ಹುಟ್ಟಿ, ಹೆಸರಿಡುವ ಮೊದಲೇ ಹೋಗಿತ್ತು. ಅದು ನನಗೆ ಗೊತ್ತಾದದ್ದು ಆವತ್ತೇ.

ಚಿತ್ರಕ್ಕೆ ಮುಖ ಕೊಟ್ಟು, ಅಂಗಡಿಯವನ ಹತ್ತಿರ ಮಾತಾಡುವ ಹಾಗೆ, ಅಮ್ಮ ಹೇಳಿದಳು: "ನನ್ನ ಮೊದಲ್ನೇದು ನಿನ್ನ ಹತ್ರನೇ ಇದ್ರೆ ಇರ್ಲಿ, ಇಟ್ಕೊ. ಚೆನ್ನಾಗಿ ನೋಡ್ಕೊ. ಇವಳ ಕಡೆ ಮಾತ್ರ ತಿರುಗ್ಬೇಡ."

ಮಾವ ಗೋಡೆಯ ಕಡೆಗೆ ತಿರುಗಿ ನಿಂತ.

ಜ್ವರ ಇಳಿಯಿತು, ಆದರೆ ತಕ್ಷಣವಲ್ಲ. ತಂಗಿಯ ತಲೆಯಲ್ಲಿ ಕೂದಲು ಮತ್ತೆ ಬರುವ ಹೊತ್ತಿಗೆ ಆ ಜ್ವರದಲ್ಲಿ ಅವಳ ಎಡಗಿವಿ ಪೂರ್ತಿ ಕೆಪ್ಪಾಗಿದೆ ಅನ್ನುವುದು ನಮಗೆ ತಿಳಿಯಿತು. ಅಷ್ಟರಲ್ಲಿ ಅಪ್ಪ ತಮ್ಮ ಎಸ್ಟೇಟಿನಲ್ಲೇ ಮಾವನಿಗೆ ಡ್ರೈವರ್ ಕೆಲಸ ಕೊಡಿಸಿದ್ದರು. ಪೆಟ್ಟಿಗೆಯನ್ನೂ ಒಳಗಿಟ್ಟ ಟ್ರಂಕು ಹೊತ್ತು ಬಸ್ಸು ಹತ್ತುವಾಗ ಅವನು ತಂಗಿಯ ತಲೆ ಮುಟ್ಟಲು ಕೈ ಚಾಚಿ, ಅಮ್ಮನ ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಹಬ್ಬಕ್ಕೂ ಅವನು ಬರಲಿಲ್ಲ, ಅಮ್ಮ ಕರೆಯಲೂ ಇಲ್ಲ.

ಎಷ್ಟೋ ವರ್ಷದ ಮೇಲೆ ಮಾವ ಎಸ್ಟೇಟಿನ ಲೈನು ಮನೆಯಲ್ಲೇ ತೀರಿಕೊಂಡ. ಅಮ್ಮ ಅಪ್ಪನ ಜೊತೆ ಪಾಲಿಬೆಟ್ಟಕ್ಕೆ ಹೋಗಿ ಬಂದಳು. ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬಂದು ನನ್ನ ಪಕ್ಕ ಕೂತಳು.

"ಎಲ್ಲಾ ಕಡೆ ಹುಡುಕ್ದೆ" ಅಂದಳು. "ಟ್ರಂಕು, ಅಟ್ಟ, ಮಂಚದ ಕೆಳಗೆ. ಆ ಪೆಟ್ಟಿಗೆ ಸಿಗ್ಲಿಲ್ಲ."

ಸಿಕ್ಕಿದ್ದರೆ ಸುಡಬೇಕೆಂದಿದ್ದಳೋ, ಮನೆಗೆ ತರಬೇಕೆಂದಿದ್ದಳೋ, ನಾನು ಕೇಳಲಿಲ್ಲ.