ಒಂದೆರಡು ಕಡೆ ಭಾರಿ ಮಳೆ

ಪವಾಯಿಯಲ್ಲಿ ನಮ್ಮದು ಕೊನೆಯ ಮಹಡಿಯ ಮನೆ. ಎರಡು ಮಳೆಗಾಲ ಮಲಗುವ ಕೋಣೆಯ ಛಾವಣಿ ಸೋರಿದ ಮೇಲೆ, ಮೂರನೆಯ ವರ್ಷ ಜೂನ್ ಮೊದಲ ವಾರ ಟೆರೇಸ್ ರಿಪೇರಿಗೆ ಒಬ್ಬ ಗೌಂಡಿಯನ್ನು ಕರೆಸಿದೆ. ವಿಜಯಪುರದ ಕಡೆಯವರು. ನಾನು ಮೈಸೂರಿನವಳು. ಇಬ್ಬರ ಕನ್ನಡವೂ ಬೇರೆ, ಆದರೂ ಈ ಪರಭಾಷೆಯ ಊರಿನಲ್ಲಿ ಅದೇ ದೊಡ್ಡ ನಂಟು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ನನ್ನ ಮೊಬೈಲಿನಲ್ಲಿ ಹವಾಮಾನದ ಸುದ್ದಿ ಓದಿಸಿ, ಅರ್ಥ ಕೇಳಿಕೊಂಡೇ ಕೆಲಸ ಶುರುಮಾಡುತ್ತಿದ್ದರು. ಯೆಲ್ಲೋ ಅಲರ್ಟ್ ಎಂದರೆ ಎಚ್ಚರವಾಗಿರಿ, ಆರೆಂಜ್ ಎಂದರೆ ತಯಾರಿ ಮಾಡಿಕೊಳ್ಳಿ ಎಂದು ನಾನೇ ಹೇಳಿಕೊಟ್ಟಿದ್ದೆ.

ಕೊನೆಯ ದಿನ ಒಂದು ಮೂಲೆ ಮಾತ್ರ ಉಳಿದಿತ್ತು. ಹಿಂದಿನ ದಿನ ದಾದರಿನಲ್ಲಿ ಕೊಂಡ ನೀಲಿ ಟಾರ್ಪಾಲು, ಅವರ ಮಾತಿನಲ್ಲಿ ತಾಡಪತ್ರಿ, ಅವರ ಕೈಯಲ್ಲಿತ್ತು. ತಮ್ಮ ಮನೆಯ ತಗಡಿನ ಮೇಲೆ ಹೊದಿಸಬೇಕು, ಮಧ್ಯಾಹ್ನವೇ ಹೋಗಲೇ ಎಂದು ಕೇಳಿದರು.

"ಇವತ್ತ ಮಳಿ ಏನಂತೈತಿ ನೋಡ್ರಿ ಅಕ್ಕಾರ."

ಆರೆಂಜ್ ಇತ್ತು. ಸಂಜೆ ಒಂದೆರಡು ಕಡೆ ಗುಡುಗಿನೊಂದಿಗೆ ಭಾರಿ ಮಳೆ ಎಂದಿತ್ತು. ಅದರರ್ಥ ನನಗೆ ಗೊತ್ತಿತ್ತು. ಬೀಳುವ ಜಾಗಗಳು ಕಡಿಮೆ, ಆದರೆ ಬಿದ್ದಲ್ಲಿ ಜಡಿದೇ ಬೀಳುತ್ತದೆ. ಆ ಜಾಗ ಯಾವುದೆಂದು ಯಾರೂ ಹೇಳುವುದಿಲ್ಲ. ಆದರೆ ಆ ಮೂಲೆ ಮುಗಿಯದಿದ್ದರೆ ನೀರು ಇಳಿಯುವುದು ನನ್ನ ಹಾಸಿಗೆಯ ಮೇಲೆ.

"ಅಲ್ಲೊಂದು ಇಲ್ಲೊಂದು ಕಡೆ ಬರುತ್ತಂತೆ, ಅಷ್ಟೇ," ಎಂದೆ. ನಾಳೆ ಹೊದಿಸಿಕೊಂಡರಾಯಿತು ಎಂದೂ ಸೇರಿಸಿದೆ. ಬಣ್ಣದ ಮಾತು ಎತ್ತಲಿಲ್ಲ.

ನಾಲ್ಕು ಗಂಟೆಗೆ ಮೂಲೆ ಮುಗಿಯುವಾಗ ಆಕಾಶ ಕಪ್ಪಾಗಿ ಗಾಳಿ ಎದ್ದಿತ್ತು. ಹಸಿ ಸಿಮೆಂಟು ಕೊಚ್ಚಿಹೋದೀತೆಂದು ಅವರು ತಮ್ಮ ತಾಡಪತ್ರಿಯನ್ನೇ ಬಿಚ್ಚಿ ಅದರ ಮೇಲೆ ಹಾಸಿ, ಅಂಚಿಗೆ ಇಟ್ಟಿಗೆ ಹೇರಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಎನ್ನಲಿಲ್ಲ. ಚಹಾ ಕೊಟ್ಟೆ.

ಆ ಸಂಜೆ ನಮ್ಮಲ್ಲೂ ಸುರಿಯಿತು, ಗುಡ್ಡದ ಬದಿಯ ಅವರ ತಗಡಿನ ಮನೆಗಳ ಬಸ್ತಿಯಲ್ಲೂ ಸುರಿಯಿತು. ನನ್ನ ಛಾವಣಿಯಿಂದ ಒಂದು ಹನಿಯೂ ಇಳಿಯಲಿಲ್ಲ.

ಮೂರನೆಯ ದಿನ ತಾಡಪತ್ರಿ ಒಯ್ಯಲು ಬಂದರು. ನಾನು ಕೇಳಿದ ಮೇಲಷ್ಟೇ ಹೇಳಿದರು: ಊರಿಂದ ತಂದಿದ್ದ ವರ್ಷದ ಜೋಳ ಚೀಲದಲ್ಲೇ ನೆನೆದಿದೆ, ಒಣಗಿಸೋಣವೆಂದರೆ ಬಿಸಿಲಿಲ್ಲ, ಆಗಲೇ ಮೊಳಕೆ ಒಡೆಯುತ್ತಿದೆ. ನೀವು ಓದಿದ್ದನ್ನು ಹೇಳಿದಿರಿ, ನಿಮ್ಮದೇನು ತಪ್ಪು ಎಂದು ನನಗೇ ಸಮಾಧಾನ ಹೇಳಿದರು. ಅದನ್ನು ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ.

"ನಾನು ಪೂರ್ತಿ ಹೇಳಲಿಲ್ಲ. ಅವತ್ತು ಆರೆಂಜ್ ಇತ್ತು. ನನ್ನ ಕೆಲಸ ಮುಗಿಯಲಿ ಅಂತ ಮುಚ್ಚಿಟ್ಟೆ."

ತಾಡಪತ್ರಿ ಮಡಚುತ್ತಿದ್ದ ಕೈ ನಿಂತಿತು.

"ಹೇಳಿದ್ರ ಇನ್ನೂ ಲಗೂ ಮುಗಿಸಿ ಹೋಗ್ತಿದ್ನಲ್ರಿ," ಎಂದರು. "ಅರ್ಧಕ್ಕ ಬಿಟ್ಟ ಹೋಗಾಂವ ಅಲ್ರಿ ನಾ."

ಜೋಳ ಕೊಡಿಸುತ್ತೇನೆ ಎಂದದ್ದಕ್ಕೆ ಬೇಡವೆಂದರು. ಆದರೂ ಮರುವಾರ ಒಂದು ಚೀಲ ರಿಕ್ಷಾದಲ್ಲಿ ಹಾಕಿಸಿಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಅವರು ಕೆಲಸಕ್ಕೆ ಹೋಗಿದ್ದರು. ಹೆಂಡತಿ ಚೀಲ ಇಳಿಸಿಕೊಂಡು, ನೀರು ಕೊಟ್ಟು ಕೂರಿಸಿದರು. ಒಳಗಿನ ಗೋಡೆ ಇನ್ನೂ ಒದ್ದೆಯಾಗಿತ್ತು.

ಮುಂದಿನ ವರ್ಷ ಅಡುಗೆಮನೆಯ ಕಡೆ ಸೋರಿದಾಗ ಫೋನ್ ಮಾಡಿದೆ. ವಿಲೆ ಪಾರ್ಲೆಯಲ್ಲಿ ದೊಡ್ಡ ಕೆಲಸ ಹಿಡಿದಿದ್ದೇನೆ ಎಂದು ಮರ್ಯಾದೆಯಿಂದಲೇ ಹೇಳಿ, ಬೇರೊಬ್ಬ ಗೌಂಡಿಯ ನಂಬರ್ ಕೊಟ್ಟರು.