ಸಾವಿತ್ರೆವ್ವನ ಹದಿನಾರು ಕೀಗಳು

ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ರಿಪೇರಿ ಅಂಗಡಿ ಇಟ್ಟ ಕಲ್ಮೇಶನಿಗೆ ತನ್ನ ಕೈಕೆಲಸದ ಮೇಲೆ ಒಂದು ತೂಕ ಹೆಚ್ಚೇ ನಂಬಿಕೆ. ಕೆಟ್ಟ ಕೀಬೋರ್ಡನ್ನು ಜನ ತಿಪ್ಪೆಗೆ ಎಸೆಯುವ ಈ ಕಾಲದಲ್ಲಿ ಅದನ್ನು ಬಿಚ್ಚಿ ಕೂರುವವನು ಊರಿಗೆ ಅವನೊಬ್ಬನೇ. ಹೆಂಡತಿ ಸಾವಿತ್ರೆವ್ವನಿಗೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದಾಗಲೂ ಅವನು ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಹಳೆಯ ಕೀಬೋರ್ಡೊಂದರ ಚಿಪ್ ಕಿತ್ತು, ಹಲಗೆಯ ಮೇಲೆ ಹದಿನಾರು ದೊಡ್ಡ ಕೀ ಕೂರಿಸಿ, ಒಂದೊಂದಕ್ಕೂ ಒಂದೊಂದು ಮಾತಿನ ಚೀಟಿ ಅಂಟಿಸಿದ. ಒತ್ತಿದರೆ ಆ ಮಾತು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದಾಗಿ ಮೂಡುತ್ತಿತ್ತು; ಮುಂದಿನದು ಬಂದರೆ ಹಿಂದಿನದು ಅಳಿಯುತ್ತಿತ್ತು.

ತನ್ನ ಹೆಸರಿನ ಕೀ ಹಾಕಲು ಹೋದರೆ ಆಕೆ ತಲೆಯಲ್ಲಾಡಿಸಿದಳು. ಮೂವತ್ತು ವರ್ಷ ಬಾಯಿಂದ ಆಡದ ಗಂಡನ ಹೆಸರನ್ನು ಈಗ ಬೆರಳಿಂದ ಆಡುವುದೇ? ಹಾಗಾಗಿ ಮೊದಲ ಕೀ ‘ರೀ’ ಎಂದಾಯಿತು. ಪಕ್ಕದಲ್ಲಿ ‘ಇಲ್ಲೆ’. ಕೆಳಗಿನ ಸಾಲಿನಲ್ಲಿ, ‘ರೀ’ಯ ನೇರಕ್ಕೆ ‘ಕುಂಡರ್ರಿ’, ಅದರ ಪಕ್ಕ ‘ನೀರು’.

ಚಿಪ್‌ಗೆ ಕನ್ನಡವೂ ಬರದು, ಇಂಗ್ಲಿಷೂ ಬರದು. ಅದರದು ಶಾಲೆಯ ಮಾಸ್ತರರ ಹಾಜರಿ ಕೆಲಸ. ಕೀಗಳ ಕೆಳಗೆ ಅಡ್ಡ ತಂತಿ, ಉದ್ದ ತಂತಿಗಳ ಜಾಲ. ಚಿಪ್ ಒಂದೊಂದೇ ಅಡ್ಡ ತಂತಿಗೆ ಸಣ್ಣ ಕರೆಂಟು ಹರಿಸಿ, ಯಾವ ಉದ್ದ ತಂತಿಯಲ್ಲಿ ಅದು ಹೊರಬಂತೆಂದು ನೋಡುತ್ತದೆ. ಸೆಕೆಂಡಿಗೆ ನೂರಾರು ಸಲ. ಎರಡೂ ಕೂಡುವಲ್ಲಿನ ಕೀ ಒತ್ತಿದ್ದರೆ ಆ ಜಾಗದ ನಂಬರನ್ನು ಕಂಪ್ಯೂಟರಿಗೆ ಕಳಿಸುತ್ತದೆ. ನಂಬರಿಗೆ ಮಾತು ಹಚ್ಚುವುದು ಕಂಪ್ಯೂಟರು. ತೊಡಕು ಒಂದೇ: ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದರೆ ಕರೆಂಟು ಸುತ್ತಿ ಬಳಸಿ ಹರಿದು, ಯಾರೂ ಒತ್ತದ ನಾಲ್ಕನೆಯ ಮೂಲೆಗೂ ಹಾಜರಿ ಬೀಳುತ್ತದೆ. ಕೀಗೊಂದು ಡಯೋಡ್ ಬೆಸೆದರೆ ಕರೆಂಟು ಹಿಂದಕ್ಕೆ ಹರಿಯುವುದು ನಿಲ್ಲುತ್ತದೆ.

ಕಲ್ಮೇಶನಿಗೆ ಇದು ಗೊತ್ತಿಲ್ಲದ್ದೇನಲ್ಲ. “ಒಂದ ಕೈಯಾಕಿ, ಒಂದೊಂದ ಒತ್ತತಾಳ. ಡಯೋಡ್ ಯಾಕ ಬೇಕು?” ಎಂದು ಬಿಟ್ಟುಬಿಟ್ಟ. ಜಾಣರ ಸೋಮಾರಿತನಕ್ಕೆ ಹೀಗೇ ಒಂದು ಕಾರಣ ಸಿಕ್ಕಿಬಿಡುತ್ತದೆ.

ಮೊದಲ ಕೆಲವು ತಿಂಗಳು ಎಲ್ಲ ಸರಿಯಿತ್ತು. ಬರಬರುತ್ತ ಆ ಎಡಗೈಯೂ ಸೋತಿತು. ಎತ್ತಿ ಎತ್ತಿ ಇಡಲಾಗದೆ ಆಕೆ ಒಮ್ಮೆಗೇ ಬೆರಳುಗಳನ್ನು ಊರಿ ಬಿಡುತ್ತಿದ್ದಳು. ಕಲ್ಮೇಶನ ಕಣ್ಣು ಪರದೆಯ ಮೇಲಿರುತ್ತಿತ್ತೇ ಹೊರತು ಬೆರಳ ಮೇಲಲ್ಲ. ಪರದೆಯಲ್ಲಿ ದಿನಾ ಸಂಜೆ ‘ನೀರು’ ಎಂದು ಬರುತ್ತಿತ್ತು. ಅವನು ತಂಬಿಗೆ ತರುತ್ತಿದ್ದ. ಆಕೆ ಮುಖ ತಿರುಗಿಸುತ್ತಿದ್ದಳು. ಮತ್ತೆ ‘ನೀರು’, ಮತ್ತೆ ತಂಬಿಗೆ.

“ಬೇಕಂತೀ, ತಂದ್ರ ಒಲ್ಲೆ ಅಂತೀ. ಎಷ್ಟ ಕುಣಸ್ತೀ ನನ್ನ?” ಎಂದು ಒಂದು ಸಂಜೆ ರೇಗಿ, ತಂಬಿಗೆ ಕುಕ್ಕಿ, ಕಂಪ್ಯೂಟರ್ ಆರಿಸಿ ಅಂಗಡಿಗೆ ಹೋದ. ತಿರುಗಿ ಬಂದಾಗ ಸಾವಿತ್ರೆವ್ವನ ಕೈ ಹಲಗೆಯ ಮೇಲಿತ್ತು. ಜೀವ ಇರಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ಸುರೇಬಾನದಿಂದ ನಿಜಗುಣಪ್ಪ ಎಂಬಾತ ಮನೆ ಹುಡುಕಿಕೊಂಡು ಬಂದ. “ನಮ್ಮವ್ವಗೂ ಹಂಗ ಆಗೇತ್ರಿ. ಆ ಹಲಗಿ ಕೊಡ್ರಲ್ಲ” ಎಂದ. ಕಲ್ಮೇಶ ಅದನ್ನು ಅಟ್ಟದಿಂದ ಕೆಳಗಿಳಿಸಿ ಧೂಳು ಒರೆಸಿದ.

ಒರೆಸುವ ಕೈ ಅಲ್ಲೇ ನಿಂತಿತು. ‘ರೀ’, ‘ಇಲ್ಲೆ’, ‘ಕುಂಡರ್ರಿ’ ಚೀಟಿಗಳ ಅಕ್ಷರಗಳು ಬೆರಳಿನಡಿ ಸವೆದು ಮಾಸಿದ್ದವು. ‘ನೀರು’ ಮಾತ್ರ ಅಂಟಿಸಿದ ದಿನದಂತೆಯೇ ಇತ್ತು.

ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ಸವೆದ ಮೂರರ ಮೇಲೆ ತನ್ನ ಮೂರು ಬೆರಳು ಒಟ್ಟಿಗೆ ಇಟ್ಟ. ನಾಲ್ಕು ಮಾತು ಒಂದರ ಬೆನ್ನಿಗೊಂದು, ಕಣ್ಣೆವೆ ಬಡಿಯುವುದರೊಳಗೆ ಹಾದುಹೋದವು. ನಿಂತದ್ದು ಕೊನೆಯದು: ನೀರು.

“ಕೆಟ್ಟೈತೇನ್ರಿ?” ಎಂದ ನಿಜಗುಣಪ್ಪ.

“ಆಕಿ ನೀರ ಕೇಳೇ ಇಲ್ರಿ...” ಎಂದವನೇ ಕಲ್ಮೇಶ ಹಲಗೆಯ ಮೇಲೆ ಬೋರಲಾಗಿ, ಸಾವಿನ ದಿನವೂ ಅಳದಷ್ಟು ಅತ್ತ. ಅವನ ಎದೆಯ ಭಾರಕ್ಕೆ ಹದಿನಾರೂ ಕೀಗಳು ಒತ್ತಿಕೊಂಡಿದ್ದವು.

ನಿಜಗುಣಪ್ಪ ಗಾಬರಿಯಾಗಿ ಎದ್ದ. “ಕುಡ್ಯಾಕ ನೀರ ತರ್ಲೇನ್ರಿ?”

ಕಲ್ಮೇಶ ಅವನ ಕೈ ಹಿಡಿದುಕೊಂಡ.

“ನೀರ ಬ್ಯಾಡ್ರಿ. ಇಲ್ಲೆ ಕುಂಡರ್ರಿ.”