ಮೇಡಂ ಓಡುತ್ತಿದ್ದರು

ಬಲಮಂಡಿಗೆ, ಚೂಡಿದಾರದ ಪ್ಯಾಂಟಿನ ಮೇಲೆಯೇ, ಅವರು ಕಂದು ಬಣ್ಣದ ಎಲಾಸ್ಟಿಕ್ ಪಟ್ಟಿ ಹಾಕಿಕೊಳ್ಳುತ್ತಿದ್ದರು. ಒಗೆದು ಒಗೆದು ಅದರ ಅಂಚು ಸುರುಳಿ ಸುತ್ತಿಕೊಂಡಿತ್ತು. ಕೂತು ಎದ್ದಾಗಲೆಲ್ಲ ಅದನ್ನು ಎರಡೂ ಕೈಯಿಂದ ಮೇಲಕ್ಕೆ ಎಳೆದುಕೊಳ್ಳುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಓಡಿದರೆ ಆ ಮಂಡಿ ಟಕ್ ಟಕ್ ಎನ್ನುತ್ತಿತ್ತು. ಅಂಕಣದ ಆಚೆ ಬದಿಯ ಮೆಟ್ಟಿಲ ಮೇಲೆ ಕೂತ ನನಗೂ ಅದು ಕೇಳುತ್ತಿತ್ತು.

ಬಲಮಂಡಿ ಎಂದೆನಲ್ಲ, ನನ್ನ ಮಗಳ ಪ್ರಕಾರ ಅದು ಎಡಮಂಡಿ. ಮೊನ್ನೆ ಊಟದ ತಟ್ಟೆಯ ಮುಂದೆ ಇದಕ್ಕೇ ಜಗಳವಾಯಿತು. ಫೋಟೊ ಹುಡುಕಿದೆವು. ಸಿಕ್ಕಿದ ಒಂದೇ ಫೋಟೊದಲ್ಲಿ ಅವರು ಮಕ್ಕಳ ಹಿಂದೆ ನಿಂತಿದ್ದಾರೆ, ಸೊಂಟದಿಂದ ಮೇಲಷ್ಟೇ ಕಾಣುತ್ತಾರೆ. ಮಂಡಿಯ ಸದ್ದು ಅಷ್ಟು ದೂರಕ್ಕೆ ಕೇಳುವುದು ಸಾಧ್ಯವೇ ಎಂಬುದೂ ಈಗ ಅನುಮಾನ.

ವಿಶ್ವವಿದ್ಯಾನಿಲಯದಲ್ಲಿ ನಾನು ಓದಿದ್ದು ಮನಃಶಾಸ್ತ್ರ, ಈಗ ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ. ನೆನಪು ಎಂಬುದು ಎಲ್ಲೋ ಇಟ್ಟು ತೆಗೆಯುವ ವಸ್ತುವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ವರ್ಷಾ ವರ್ಷ ಪಾಠ ಹೇಳುತ್ತೇನೆ. ಹೇಳುವುದು ಸುಲಭ. ಬೇಕಾದ ಒಬ್ಬರ ಬಗ್ಗೆ ಬರೆಯಲು ಕೂತಾಗ ಆ ಪಾಠವೇ ಕಾಲಿಗೆ ತೊಡರಿಕೊಳ್ಳುತ್ತದೆ. ಒಂದು ವಾಕ್ಯ ಬರೆಯುತ್ತೇನೆ, ಎದ್ದು ಹೋಗಿ ಮಗಳನ್ನು ಕೇಳುತ್ತೇನೆ, ಅವಳು ಇಲ್ಲ ಎನ್ನುತ್ತಾಳೆ, ವಾಪಸು ಬಂದು ಹೊಡೆದುಹಾಕುತ್ತೇನೆ. ಹೀಗೆ ಉಳಿದದ್ದು ಇಷ್ಟು.

ಅವರು ಮಗಳ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಕೋಚ್. ಅವರದು ಲಷ್ಕರ್ ಮೊಹಲ್ಲಾದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮನೆ. ಶಾಲೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ಹೆಣ್ಣುಮಕ್ಕಳ ಹಳೆಯ ಶಾಲೆ. ಸಿಮೆಂಟಿನ ಅಂಕಣ, ಒಂದು ರಿಂಗಿಗೆ ಬಲೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ನಮ್ಮ ಮನೆ ಹೂಟಗಳ್ಳಿಯಲ್ಲಿ. ಸಂಜೆ ಕಾಲೇಜು ಮುಗಿಸಿ ಮಗಳನ್ನು ಕರೆದುಕೊಂಡು ಹೋಗಲು ಬಂದವನು, ಆಟ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಕೂರುತ್ತಿದ್ದೆ ಎನ್ನುವುದಕ್ಕಿಂತ ಕೂತು ಏಳುತ್ತಿದ್ದೆ. ನನಗೆ ಒಂದು ಕಡೆ ಇರಲು ಬರುವುದಿಲ್ಲ.

"ಸಾರ್, ನೀವ್ ಹಂಗೆ ಓಡಾಡ್ತಿದ್ರೆ ನನ್ ಮಕ್ಳು ಎದುರು ಟೀಮ್ನೋರು ಅಂದ್ಕೊಂಡು ನಿಮ್ಮನ್ನೇ ಗಾರ್ಡ್ ಮಾಡ್ತಾರೆ. ಕೂತ್ಕೊಳ್ಳಿ ಒಂದ್ಕಡೆ" ಎಂದು ಮೇಡಂ ಅಲ್ಲಿಂದಲೇ ಕೂಗುತ್ತಿದ್ದರು. ಹುಡುಗಿಯರೆಲ್ಲ ಕಿಸಕ್ಕನೆ ನಗುತ್ತಿದ್ದರು, ನನ್ನ ಮಗಳೂ ಸೇರಿ.

ಅವರ ಮಾತೇ ಹಾಗೆ. ಚೆಂಡು ಹಿಡಿದು ಅನುಮಾನಿಸುತ್ತ ನಿಂತವಳಿಗೆ, "ಹೋಗೇ ಒಳಕ್ಕೆ! ಆಚೆ ನಿಂತ್ಕೊಂಡು ಏನ್ ಮದ್ವೆ ಊಟಕ್ಕೆ ಕಾಯ್ತಿದ್ದೀಯಾ?" ಎನ್ನುವರು. ಹೆದರಿಕೆ ಆಗುತ್ತೆ ಮೇಡಂ ಎಂದವಳಿಗೆ, "ಆಗ್ಲಿ ಬುಡು. ಅದನ್ನೂ ಜೊತೇಲಿ ಕರ್ಕೊಂಡು ಓಡು." ಈ ಮಾತಿನ ಬಗ್ಗೆ ಮಾತ್ರ ನನಗೂ ಮಗಳಿಗೂ ತಕರಾರಿಲ್ಲ. ಇಬ್ಬರಿಗೂ ಅದು ಹಾಗೇ ನೆನಪಿದೆ.

ಸ್ಫೂರ್ತಿ ತುಂಬುವ ಜನರನ್ನು ಕಂಡರೆ ನನಗೆ ಆಗುವುದಿಲ್ಲ. ನಮ್ಮ ಕಾಲೇಜಿಗೆ ವರ್ಷಕ್ಕೊಬ್ಬರು ಬಂದು, ಮೈಕು ಹಿಡಿದು, ವೇದಿಕೆಯ ಮೇಲೆ ಅತ್ತಿಂದಿತ್ತ ನಡೆದಾಡಿ, ಮಕ್ಕಳಿಂದ ಚಪ್ಪಾಳೆ ತಟ್ಟಿಸಿ ಹೋಗುತ್ತಾರೆ. ಮೇಡಮ್ಮನ್ನೂ ಮೊದಲು ನಾನು ಆ ಸಾಲಿಗೆ ಸೇರಿಸಿದ್ದೆ. ಅದಕ್ಕೆ ಕಾರಣ ಅವರ ಒಂದು ಪದ್ಧತಿ.

ಬಾಸ್ಕೆಟ್‌ಬಾಲಿನಲ್ಲಿ ಚೆಂಡು ಹಾಕಲು ರಿಂಗಿನ ಹತ್ತಿರ ನುಗ್ಗಿದವಳನ್ನು ಎದುರಾಳಿ ತಳ್ಳಿದರೆ ಫ್ರೀ ಥ್ರೋ ಕೊಡುತ್ತಾರೆ. ಯಾರೂ ಅಡ್ಡ ಬರುವಂತಿಲ್ಲ. ಗೆರೆಯ ಮೇಲೆ ಒಬ್ಬಳೇ ನಿಂತು ಎಸೆಯಬೇಕು. ಸುಲಭದ್ದು, ಆದ್ದರಿಂದಲೇ ತಪ್ಪಿದರೆ ಮುಖಭಂಗ. ಬೇರೆ ಶಾಲೆಗಳಲ್ಲಿ ಅದನ್ನು ತಪ್ಪಿಸಿದ ಹುಡುಗಿಗೆ ಅಂಕಣ ಸುತ್ತುವ ಶಿಕ್ಷೆ. ಇಲ್ಲಿ ಹುಡುಗಿ ಓಡುತ್ತಿರಲಿಲ್ಲ, ಮೇಡಂ ಓಡುತ್ತಿದ್ದರು. ಮ್ಯಾಚಿನಲ್ಲಿ ಯಾರೇ ಫ್ರೀ ಥ್ರೋ ತಪ್ಪಿಸಲಿ, ಮಾರನೆಯ ಸಂಜೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮಂಡಿಪಟ್ಟಿ ಎಳೆದುಕೊಂಡು, ಅಂಕಣದ ಸುತ್ತ ಓಟ. ಒಂದು ತಪ್ಪಿಗೆ ಒಂದು ಸುತ್ತು. ಅಭ್ಯಾಸದಲ್ಲಿ ತಪ್ಪಿದರೆ ಆಗಿಂದಾಗಲೇ.

ಒಮ್ಮೆ ನಾನು ಕೇಳಿಯೇಬಿಟ್ಟೆ, ಇದೇನು ನಾಟಕ ಎಂದು. ಅಷ್ಟು ಒರಟಾಗಿ ಕೇಳಿರಲಾರೆ, ಆದರೆ ಅರ್ಥ ಅದೇ.

"ನಾನ್ ಆಡ್ತಿದ್ದಾಗ ನಮ್ ಮೇಷ್ಟ್ರು ನಮ್ಮನ್ನ ಓಡುಸ್ತಿದ್ರು ಸಾರ್. ವಾಂತಿ ಮಾಡ್ಕೊಳ್ಳೋವರ್ಗೂ. ಕಲ್ಸಿದೋಳು ನಾನು. ಮಕ್ಳಿಗೆ ಬರ್ಲಿಲ್ಲ ಅಂದ್ರೆ ಓಡ್ಬೇಕಾದೋಳು ಯಾರು ಹೇಳಿ?" ಎಂದರು. ಹೇಳುವಾಗ ಏದುಸಿರು ಬಿಡುತ್ತಿದ್ದರು. ಮುಖದಲ್ಲಿ ನಾಟಕದ ಸುಳಿವೂ ಇರಲಿಲ್ಲ.

ತಾಯಿತಂದೆಯರಿಗೆ ಈ ಪದ್ಧತಿಯ ಮೇಲೆ ಅಪಾರ ಅಭಿಮಾನ. ಮೊಬೈಲಿನಲ್ಲಿ ವಿಡಿಯೊ ಮಾಡಿ ಎಲ್ಲರಿಗೂ ಕಳಿಸುತ್ತಿದ್ದರು.

ಮಗಳು ಒಂಬತ್ತನೆಯ ತರಗತಿಗೆ ಬಂದ ವರ್ಷ ಏನೋ ಕೆಟ್ಟಿತು. ಎಂಟರಲ್ಲಿ ಇದ್ದಾಗ ಅವಳು ಗೂಳಿಯ ಹಾಗೆ ನುಗ್ಗುತ್ತಿದ್ದಳು. ಈಗ ಚೆಂಡು ಕೈಗೆ ಬಂದರೆ ರಿಂಗಿನ ಕಡೆ ಎರಡು ಹೆಜ್ಜೆ ಇಟ್ಟು, ಥಟ್ಟನೆ ನಿಂತು, ಹೊರಗಿದ್ದವಳಿಗೆ ಎಸೆದುಬಿಡುವಳು. ಮನೆಯಲ್ಲೂ ಮಂಕಾದಳು. ಬೂಟು ಹಾಕಿಕೊಳ್ಳುವಾಗ ಲೇಸು ಬಿಗಿದು ಬಿಚ್ಚಿ, ಬಿಗಿದು ಬಿಚ್ಚಿ, ಹೊತ್ತು ಕಳೆಯುವಳು. ನಾನು ಒಳಗೊಳಗೇ ಕಾರಣ ಹುಡುಕತೊಡಗಿದೆ: ವಯಸ್ಸು, ಮೈಯ ಬಗ್ಗೆ ಸಂಕೋಚ, ಯಾರಾದರೂ ಏನಾದರೂ ಅಂದರೋ ಏನೋ. ಓದಿದ ಪುಸ್ತಕಗಳೆಲ್ಲ ಒಂದೊಂದು ಉತ್ತರ ಕೊಟ್ಟವು. ಒಂದೂ ಸರಿಯಾಗಿರಲಿಲ್ಲ.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಮನೇಲಿ ಎಲ್ಲಾ ಸರಿಯಿದ್ಯಾ ಸಾರ್? ಈ ಹುಡ್ಗಿ ಒಳಕ್ಕೇ ಹೋಗ್ತಿಲ್ಲ. ಹಿಂಗೇ ಆದ್ರೆ ಗೋಕುಲಂ ಸ್ಕೂಲ್ ಮೇಲಿನ ಮ್ಯಾಚಲ್ಲಿ ಹೊರಗೇ ಕೂರುಸ್ಬೇಕಾಗುತ್ತೆ. ಮ್ಯಾಚ್ ಹೋದ್ರೆ ಹೋಗ್ಲಿ. ಇವ್ಳು ಒಂದ್ಸಲ ನುಗ್ಗೋದು ಬುಟ್ರೆ ಆಮೇಲೆ ಎಲ್ಲಾದ್ರಲ್ಲೂ ಬುಡ್ತಾಳೆ ಕಣ್ರೀ. ನಾನ್ ನೋಡಿದೀನಿ ಅಂಥೋರನ್ನ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಎಲ್ಲಾದ್ರಲ್ಲೂ ಬುಡ್ತಾಳೆ ಎಂಬ ಮಾತು ಕೊರೆಯುತ್ತಿತ್ತು.

ಮ್ಯಾಚಿಗೆ ಒಂದು ವಾರ ಇರುವಾಗ ಮೇಡಂ ತಂಡವನ್ನು ಎರಡು ಭಾಗ ಮಾಡಿ ಆಡಿಸಿದರು. ಮಗಳಷ್ಟೇ ಅಲ್ಲ, ಯಾರೂ ಒಳಗೆ ಹೋಗುತ್ತಿರಲಿಲ್ಲ. ರಿಂಗಿನ ಸುತ್ತ ಅರ್ಧಚಂದ್ರಾಕಾರವಾಗಿ ನಿಂತು ಚೆಂಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಮೇಡಂ ಸೀಟಿ ಊದಿ ನಿಲ್ಲಿಸಿದರು.

"ಏನ್ರೇ ಇದು, ಪ್ರಸಾದ ಹಂಚ್ತಿದ್ದೀರಾ? ಒಳಗಡೆ ಏನ್ ಹಾವಿದ್ಯಾ?"

ತಂಡಕ್ಕೆಲ್ಲ ಗಿಡ್ಡಗಿದ್ದ ಹುಡುಗಿಯೊಬ್ಬಳಿದ್ದಳು, ಎಲ್ಲರೂ ಅವಳನ್ನು ಕುಳ್ಳಿ ಎಂದೇ ಕರೆಯುತ್ತಿದ್ದರು. ಬಾಯಿ ಮಾತ್ರ ಎತ್ತರ. ಅವಳೇ ಕೊನೆಗೆ ಬಾಯಿಬಿಟ್ಟಳು.

"ಮೇಡಂ, ಒಳಕ್ಕೆ ಹೋದ್ರೆ ತಳ್ತಾರೆ."

"ತಳ್ಳಿದ್ರೆ ಫ್ರೀ ಥ್ರೋ ಕೊಡ್ತಾರಲ್ಲೇ!"

"ಅದೇ ಮೇಡಂ. ಕೊಡ್ತಾರೆ. ನಾವ್ ಮಿಸ್ ಮಾಡ್ತೀವಿ. ಆಮೇಲೆ ನೀವ್ ಓಡ್ತೀರ."

ಆಗ ನನ್ನ ಮಗಳು, ನೆಲ ನೋಡುತ್ತ, ಹೇಳಿದಳು: "ಹೋದ್ ಸಲ ನೀವು ಓಡಿದ್ಮೇಲೆ ಮೆಟ್ಲು ಹತ್ತಕ್ಕೆ ಆಗ್ದೆ ಗೋಡೆ ಹಿಡ್ಕೊಂಡ್ರಿ. ಅವತ್ತು ಮಿಸ್ ಮಾಡಿದ್ದು ನಾನು. ಅದಕ್ಕೇ ಎಲ್ರೂ ಮಾತಾಡ್ಕೊಂಡ್ವಿ. ಯಾರೂ ಒಳಗಡೆ ಹೋಗೋದು ಬೇಡ ಅಂತ. ನಾನೇ ಹೇಳಿದ್ದು."

ಇಲ್ಲಿ ನನ್ನ ನೆನಪಿನಲ್ಲಿ ಮೇಡಂ ಗಟ್ಟಿಯಾಗಿ ನಗುತ್ತಾರೆ. ಮಗಳು ಖಡಾಖಂಡಿತವಾಗಿ ಅಲ್ಲ ಎನ್ನುತ್ತಾಳೆ. ಅವರು ಸಿಮೆಂಟಿನ ಮೇಲೆ ಹಾಗೇ ಕೂತುಬಿಟ್ಟರಂತೆ, ಚೆಂಡನ್ನು ಮಡಿಲಲ್ಲಿಟ್ಟುಕೊಂಡು, ಬಹಳ ಹೊತ್ತು. ಆಮೇಲೆ "ಹೋಗಿ ಮನೆಗೆ" ಎಂದಷ್ಟೇ ಅಂದರಂತೆ. ಬಹುಶಃ ಅವರು ನಗುವುದು ನನಗೆ ಬೇಕಾಗಿತ್ತು.

ಮಾರನೆಯ ಸಂಜೆ ಅವರು ಹೇಳಿದ್ದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡರು. "ನಿಮಗೋಸ್ಕರ ಓಡ್ತಿದೀನಿ ಅಂತ ಅಂದ್ಕೊಂಡಿದ್ದೆ ಕಣ್ರೇ. ರಾತ್ರಿ ಕೂತ್ಕೊಂಡು ಯೋಚ್ನೆ ಮಾಡ್ದೆ. ನನ್ ಸಮಾಧಾನಕ್ಕೆ ಓಡ್ತಿದ್ದೆ. ನಮ್ ಮೇಷ್ಟ್ರು ಕಾಲಿಗೆ ಶಿಕ್ಷೆ ಕೊಡೋರು, ನಾನ್ ನಿಮ್ ಮನಸ್ಸಿಗೆ ಕೊಟ್ಬುಟ್ಟೆ. ಇವತ್ತಿಂದ ಯಾರೂ ಓಡಲ್ಲ. ಮಿಸ್ ಆದ್ರೆ ಮಿಸ್ ಆಯ್ತು. ಅಷ್ಟೇ."

ಕುಳ್ಳಿ ಕೇಳಿದಳು, "ನಿಜವಾಗ್ಲೂನಾ ಮೇಡಂ?"

"ನಿಜವಾಗ್ಲೂ ಕಣೇ ತರಲೆ."

ಹೇಳಿದಷ್ಟು ಸುಲಭವಿರಲಿಲ್ಲ. ಅದೇ ಸಂಜೆ ಮಗಳು ಗೆರೆಯ ಮೇಲೆ ನಿಂತು ಎಸೆದದ್ದು ರಿಂಗಿಗೆ ಬಡಿದು ಆಚೆ ಹೋಯಿತು. ಮೇಡಂ ಕಾಲುಗಳು ತಾವಾಗಿಯೇ ಹೊರಟುಬಿಟ್ಟವು. "ಮೇಡಂ!" ಎಂದು ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. ಮೇಡಂ ನಾಲಿಗೆ ಕಚ್ಚಿಕೊಂಡು, ಎರಡೂ ಕೈಯಿಂದ ರಿಂಗಿನ ಕಂಬ ತಬ್ಬಿಕೊಂಡು ನಿಂತರು. ಇದು ತಮಾಷೆಯಾಗಿತ್ತು. ಆದರೆ ಅವರ ಮುಖ ನೋಡಿದರೆ ತಮಾಷೆ ಅನ್ನಿಸುತ್ತಿರಲಿಲ್ಲ. ಓಡುವುದಕ್ಕೆ ಬೇಕಾದ್ದು ಮಂಡಿ. ನಿಲ್ಲುವುದಕ್ಕೆ ಏನು ಬೇಕು ಎನ್ನುವುದಕ್ಕೆ ನನ್ನ ಶಾಸ್ತ್ರದಲ್ಲಿ ಒಂದು ಪದವಿದೆ, ಆ ಪದ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ತಾಯಿತಂದೆಯರಿಗಂತೂ ಹಿಡಿಸಲೇ ಇಲ್ಲ. ಶಿಸ್ತು ಹೋಯಿತು, ಮೇಡಂಗೆ ವಯಸ್ಸಾಯಿತು ಎಂದು ಗೊಣಗಿದರು.

ಗೋಕುಲಂ ಶಾಲೆಯ ಹುಡುಗಿಯರು ನಮ್ಮವರಿಗಿಂತ ಎತ್ತರ, ಅವರ ಬೂಟುಗಳೂ ಹೊಚ್ಚ ಹೊಸವು. ಮಗಳನ್ನು ಮೇಡಂ ಮೊದಲ ಐವರಲ್ಲೇ ಇಳಿಸಿದರು. ಮೊದಲರ್ಧ ಅವಳು ಹೊರಗೇ ತಿರುಗಿದಳು. ಎರಡನೆಯ ಅರ್ಧ ಶುರುವಾದ ಮೇಲೆ ಒಮ್ಮೆ ಚೆಂಡು ಹಿಡಿದು ನಿಂತಳು. ಆಟ ಬಲ್ಲವರಿಗೆ ಅದು ಒಂದು ಕ್ಷಣ, ನನಗೆ ಬಹಳ ಉದ್ದ. ಆಮೇಲೆ ನುಗ್ಗಿದಳು. ಎದುರಿನವಳ ಭುಜ ತಾಗಿ ಬಿದ್ದಳು. ಸೀಟಿ. ಎರಡು ಫ್ರೀ ಥ್ರೋ.

ಮೊದಲನೆಯದು ತಪ್ಪಿತು. ಅವಳು ಬೆಂಚಿನ ಕಡೆ ನೋಡಿದಳು. ನಾನೂ ನೋಡಿದೆ. ಮೇಡಂ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು, ಹೋಮ್‌ವರ್ಕ್ ಮಾಡದ ಮಗುವಿನ ಹಾಗೆ. ಏಳಲಿಲ್ಲ. ಏನೂ ಕೂಗಲಿಲ್ಲ.

ಎರಡನೆಯದು ಬಿತ್ತು ಎಂದು ನಾನು ವರ್ಷಗಳ ಕಾಲ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮಗಳು ಹೇಳುವುದು ಅದೂ ತಪ್ಪಿತು ಎಂದು. ಎಸೆದವಳು ಅವಳು, ಅವಳನ್ನೇ ನಂಬಬೇಕು. ಮುಂದಿನದನ್ನು ಇಬ್ಬರೂ ಒಪ್ಪುತ್ತೇವೆ: ಚೆಂಡು ಮತ್ತೆ ಕೈಗೆ ಸಿಕ್ಕ ತಕ್ಷಣ ಅವಳು ಮತ್ತೆ ಒಳಕ್ಕೆ ಹೋದಳು. ಆಮೇಲೆ ಇನ್ನೊಬ್ಬಳು ಹೋದಳು. ಕುಳ್ಳಿಯೂ ಹೋಗಿ ಇಬ್ಬರು ಉದ್ದನೆಯವರ ನಡುವೆ ಸಿಕ್ಕಿಕೊಂಡು ಕಾಣೆಯಾದಳು. ಮ್ಯಾಚು ಸೋತೆವು.

ಮುಗಿದ ಮೇಲೆ ಮೇಡಂ ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಈಗ ನೀನು ಪ್ಲೇಯರ್ ಕಣೇ" ಎಂದರು. ಹಾಗೆಂದು ನನ್ನ ಕಿವಿ ಹೇಳುತ್ತದೆ. "ಬಾಳೆಹಣ್ಣು ತಿಂದ್ಯಾ ಅಂದ್ರು ಅಪ್ಪಾ, ಅಷ್ಟೇ" ಎನ್ನುತ್ತಾಳೆ ಮಗಳು.

ಹೋದ ವರ್ಷ ಅವರು ತೀರಿಕೊಂಡರು. ಬೆಳಿಗ್ಗೆ ಮಕ್ಕಳಿಗೆ ಅಭ್ಯಾಸ ಮಾಡಿಸಿ ಮನೆಗೆ ಹೋದವರು, ಎದೆ ನೋವು ಎಂದು ಮಲಗಿ ಮತ್ತೆ ಏಳಲಿಲ್ಲ. ಶಾಲೆಯ ಸಭಾಂಗಣದಲ್ಲಿ ಸಂತಾಪ ಸಭೆ ಇಟ್ಟಿದ್ದರು. ಮಾತಾಡಿದವರೆಲ್ಲ ಒಂದನ್ನೇ ಹೇಳಿದರು: ಸವೆದ ಮಂಡಿಯಲ್ಲಿ ಮಕ್ಕಳ ತಪ್ಪಿಗೆ ತಾವು ಓಡಿದ ಮಹಾತಾಯಿ. ಆ ಹಳೆಯ ವಿಡಿಯೊವನ್ನೂ ತೋರಿಸಿದರು. ಜನ ಕಣ್ಣೊರೆಸಿಕೊಂಡರು. ನನಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ.

ಹಳೆಯ ವಿದ್ಯಾರ್ಥಿನಿಯರ ಪರವಾಗಿ ಮಗಳನ್ನು ಕರೆದರು. ಈಗ ಡಿಗ್ರಿ ಓದುತ್ತಿರುವವಳು. ಮೈಕಿನ ಮುಂದೆ ನಿಂತು, "ನಮ್ ಮೇಡಂ ಓಡ್ತಿದ್ರು, ನಿಜ. ಆದ್ರೆ..." ಎಂದಳು. ಇನ್ನೊಮ್ಮೆ "ಆದ್ರೆ..." ಎಂದು ನಿಂತುಹೋದಳು. ಯಾರೋ ನೀರಿನ ಲೋಟ ಹಿಡಿದು ವೇದಿಕೆಯ ಕಡೆ ಹೊರಟರು. ಅವಳ ಮಾತು ಏನೆಂದು ನನಗೆ ಗೊತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತು ಅದನ್ನು ಮುಗಿಸಿಬಿಡಬಹುದಾಗಿತ್ತು. ಆಗಲೇ ಅರ್ಧ ಎದ್ದಿದ್ದೆ.

ಪಕ್ಕದಲ್ಲಿ ಕೂತಿದ್ದ ಕುಳ್ಳಿ ನನ್ನ ಶರ್ಟು ಹಿಡಿದೆಳೆದಳು. "ಕೂತ್ಕೊಳ್ಳಿ ಅಂಕಲ್. ಅವ್ಳೇ ಹೇಳ್ತಾಳೆ."

ಕೂತೆ. ನನ್ನ ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ನಾನು ಎಲ್ಲೂ ಕೂತಿಲ್ಲ. ಎಷ್ಟು ಹೊತ್ತಾಯಿತೋ ತಿಳಿಯದು, ಈ ವಿಷಯದಲ್ಲಿ ನನ್ನ ಲೆಕ್ಕವನ್ನು ಯಾರೂ ನಂಬಬೇಕಾಗಿಲ್ಲ. ಮಗಳು ಮೂಗು ಒರೆಸಿಕೊಂಡು, ಮೈಕನ್ನು ತನ್ನ ಎತ್ತರಕ್ಕೆ ಸರಿಪಡಿಸಿಕೊಂಡು, ಹೇಳಿದಳು:

"ಆದ್ರೆ ಆಮೇಲೆ ನಿಲ್ಸಿದ್ರು. ಅದನ್ನ ಯಾರೂ ವಿಡಿಯೊ ಮಾಡ್ಲಿಲ್ಲ."